ಕೊಡಗಿನಲ್ಲಿ ಸಿಕ್ಕ ಕಲ್ಲು ಪಟ್ಟೆ ಕಬ್ಬಿಣಶಿಲೆಯೇ? ಹಂತ ಹಂತವಾಗಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ತೋಟದಲ್ಲಿ ಹೊಂಡ ತೆಗೆಸುವಾಗ, ಬೇಸಿಗೆಯಲ್ಲಿ ತೋಡಿನ ನೀರು ಇಳಿದಾಗ, ರಸ್ತೆ ಅಗಲ ಮಾಡಲು ಬರೆ (ಗುಡ್ಡದ ಕಡಿದಾದ ಮಗ್ಗುಲು) ಕಡಿದಾಗ ಭಾರವಾದ ಕರಿ ಕಲ್ಲು ಸಿಗುವುದು ಕೊಡಗಿನಲ್ಲಿ ಹೊಸದೇನಲ್ಲ. ಅದರ ಮೇಲೆ ನಾಲ್ಕು ಪಟ್ಟೆ ಇದ್ದರಂತೂ 'ಕುದುರೆಮುಖದ ಅದಿರು ಇಲ್ಲೂ ಇದೆಯಂತೆ' ಎಂಬ ಸುದ್ದಿ ಊರು ತುಂಬ ಹರಡುತ್ತದೆ. ಅದು ನಿಜವಾ ಎಂದು ನೋಡಲು ಕೂಡಲೇ ಲ್ಯಾಬ್‌ಗೆ ಓಡಬೇಕಿಲ್ಲ. ಅಡುಗೆಮನೆಯ ತಕ್ಕಡಿ, ಒಂದು ಮ್ಯಾಗ್ನೆಟ್, ಒಂದು ಬಕೆಟ್ ನೀರು ಇದ್ದರೆ ಮುಕ್ಕಾಲು ಪಾಲು ಉತ್ತರ ಮನೆಯಲ್ಲೇ ಸಿಗುತ್ತದೆ.

ಈ ಮಾರ್ಗದರ್ಶಿ ಬರೆದಿರುವುದು ತೋಟದವರಿಗೆ, ಶಾಲಾ ಶಿಕ್ಷಕರಿಗೆ, ಕಲ್ಲಿನ ಬಗ್ಗೆ ಕುತೂಹಲ ಇರುವ ಮಕ್ಕಳಿಗೆ. ಉದ್ದಕ್ಕೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಒಂದು, ಇದು ಪಟ್ಟೆ ಕಬ್ಬಿಣಶಿಲೆಯಾ? ಇನ್ನೊಂದು, ಇದು ಅದಿರಾ, ಅಂದರೆ ಕಬ್ಬಿಣ ತೆಗೆದು ಲಾಭ ಮಾಡಬಹುದಾದ ಕಲ್ಲಾ? ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಪಟ್ಟೆ ಕಬ್ಬಿಣಶಿಲೆ ಅಂದರೆ ಕಬ್ಬಿಣದ ಖನಿಜದ ಪದರ, ಸಿಲಿಕದ (ಮರಳಿನ ಮುಖ್ಯ ಅಂಶ) ಪದರ, ಮತ್ತೆ ಕಬ್ಬಿಣ, ಮತ್ತೆ ಸಿಲಿಕ, ಹೀಗೆ ಒಂದರ ಮೇಲೊಂದು ಕೂತ ಬಹಳ ಹಳೆಯ ಸಮುದ್ರತಳದ ಕೆಸರು ಗಟ್ಟಿಯಾಗಿ ಆದ ಕಲ್ಲು. ಪದರಗಳು ಕೂದಲೆಳೆಯಷ್ಟು ತೆಳ್ಳಗೂ ಇರಬಹುದು, ಅಂಗೈ ಅಗಲವೂ ಇರಬಹುದು. ಒಟ್ಟು ಕಬ್ಬಿಣ ಸಾಮಾನ್ಯವಾಗಿ ಶೇ 20ರಿಂದ 40. ಲೋಕದ ಕಬ್ಬಿಣದ ಬಹುಪಾಲು ಬರುವುದು ಈ ಜಾತಿಯ ಕಲ್ಲಿನಿಂದ, ಇಲ್ಲವೇ ಇದು ಶಿಥಿಲವಾಗಿ ಹದಗೊಂಡ ಅದಿರಿನಿಂದ.

ಹಂತ 1: ಮೊದಲು ನಿಮ್ಮ ಕಾಲ ಕೆಳಗಿನ ಕಲ್ಲು ತಿಳಿದುಕೊಳ್ಳಿ

ಕೊಡಗು ಕಬ್ಬಿಣದ ಗಣಿಗಳ ಜಿಲ್ಲೆ ಅಲ್ಲ. ಇಲ್ಲಿನ ತಳಶಿಲೆ ಹೆಚ್ಚಾಗಿ ಚಾರ್ನೊಕೈಟ್ ಮತ್ತು ನೈಸ್, ಎರಡೂ ನೆಲದಾಳದ ಕಾವು ಒತ್ತಡದಲ್ಲಿ ಆದ ಗಟ್ಟಿ ಕಲ್ಲುಗಳು, ನೈಸ್‌ಗೆ ಪಟ್ಟೆಯೂ ಇರುತ್ತದೆ. ಭೂವಿಜ್ಞಾನಿಗಳು ಈ ಪ್ರದೇಶವನ್ನು ಕೊಡಗು ಬ್ಲಾಕ್ ಎಂದು ಬೇರೆಯಾಗಿಯೇ ಗುರುತಿಸುತ್ತಾರೆ. ಇದರ ಕಲ್ಲುಗಳ ವಯಸ್ಸು 300 ಕೋಟಿ ವರ್ಷ ದಾಟುತ್ತದೆ. ಉತ್ತರ ಮತ್ತು ಪೂರ್ವದ ಕಡೆ ಇದನ್ನು ಧಾರವಾಡ ಕ್ರೇಟಾನ್ ಎಂಬ ಹಳೆಯ ನೆಲದ ತುಂಡಿನಿಂದ ಬೇರ್ಪಡಿಸುವುದು ಮಡಿಕೇರಿಯ ಹೆಸರನ್ನೇ ಹೊತ್ತಿರುವ ಮರ್ಕಾರಾ ಶಿಯರ್ ವಲಯ. ಎರಡು ದೊಡ್ಡ ನೆಲದ ತುಂಡುಗಳು ಒಂದನ್ನೊಂದು ಉಜ್ಜಿಕೊಂಡು ಸರಿದ ಪಟ್ಟಿ ಅದು. ಅಲ್ಲಿನ ಕಲ್ಲುಗಳೆಲ್ಲ ಎಳೆದು ನಾರುನಾರಾದ ಹಾಗೆ ಕಾಣುತ್ತವೆ.

ನಿಜವಾದ ಪಟ್ಟೆ ಕಬ್ಬಿಣಶಿಲೆ ಸಾಲುಸಾಲಾಗಿ ಇರುವುದು ಸುತ್ತಮುತ್ತಲ ಜಿಲ್ಲೆಗಳಲ್ಲಿ. ಪೂರ್ವಕ್ಕೆ ಮೈಸೂರು ಜಿಲ್ಲೆಯ ಸರಗೂರು ಸುತ್ತ, ಉತ್ತರಕ್ಕೆ ಬಾಬಾಬುಡನ್ ಬೆಟ್ಟಸಾಲಿನಲ್ಲಿ, ಅದರ ಪಶ್ಚಿಮಕ್ಕೆ ಕುದುರೆಮುಖದಲ್ಲಿ. ಇನ್ನೂ ದೂರ ಹೋದರೆ ಚಿತ್ರದುರ್ಗ ಮತ್ತು ಸಂಡೂರು. ಹಾಗಾಗಿ ಕಲ್ಲು ಎಲ್ಲಿ ಸಿಕ್ಕಿತು ಎನ್ನುವುದು ದೊಡ್ಡ ಸುಳಿವು. ಭಾಗಮಂಡಲದ ತೋಟದಲ್ಲಿ ಸಿಕ್ಕ ಪಟ್ಟೆ ಕಲ್ಲು ನೈಸ್ ಆಗಿರುವ ಸಾಧ್ಯತೆಯೇ ಜಾಸ್ತಿ.

ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ 'ಭೂಕೋಶ್' ಜಾಲತಾಣದಲ್ಲಿ ಶಿಲಾ ನಕ್ಷೆಗಳನ್ನು ನೋಡಬಹುದು. ಕೈಯಲ್ಲಿ ಸುತ್ತಿಗೆ ಹಿಡಿಯುವ ಮೊದಲು ಒಂದು ಸಂಜೆ ಕೂತು ನಿಮ್ಮ ಊರಿನ ಜಾಗ ಹುಡುಕಿ, ಯಾವ ಬಣ್ಣದ ಮೇಲೆ ಬರುತ್ತದೆ ನೋಡಿಕೊಳ್ಳಿ. ಅರ್ಧ ಊಹೆ ಅಲ್ಲೇ ಸರಿಹೋಗುತ್ತದೆ.

ಹಂತ 2: ತಾಜಾ ಕಲ್ಲು ಎಲ್ಲಿ ಸಿಗುತ್ತದೆ

ಕೊಡಗಿನ ಮಳೆಗೆ ಕಲ್ಲು ಆಳದವರೆಗೂ ಕೊಳೆತು ಕೆಂಪು ಮಣ್ಣಾಗಿದೆ. ತೋಟದಲ್ಲಿ ಅಡಿಗಟ್ಟಲೆ ಅಗೆದರೂ ತಳಬಂಡೆ ಸಿಗುವುದು ಕಷ್ಟ. ನೋಡಬೇಕಾದದ್ದು ಹೊಳೆಪಾತ್ರದಲ್ಲಿ, ಹಳೆ ಕಲ್ಲುಕೋರೆಗಳಲ್ಲಿ, ಬಾವಿ ತೆಗೆದ ಮಣ್ಣಿನ ರಾಶಿಯಲ್ಲಿ, ರಸ್ತೆ ಬದಿಯ ಬರೆಗಳಲ್ಲಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಾವೇರಿ, ಲಕ್ಷ್ಮಣತೀರ್ಥ, ಹಾರಂಗಿ ಎಲ್ಲವೂ ಇಳಿದಿರುತ್ತವೆ. ಬಂಡೆಗಳು ತೊಳೆದಿಟ್ಟ ಹಾಗೆ ಕಾಣುವುದು ಆಗಲೇ.

ಬರೆಯ ವಿಷಯದಲ್ಲಿ ಹುಷಾರು. 2018ರ ಆಗಸ್ಟ್‌ನ ಗುಡ್ಡಕುಸಿತ ಯಾರೂ ಮರೆತಿಲ್ಲ. ಮಳೆಗಾಲದಲ್ಲಿ, ಮಳೆ ನಿಂತ ಮೊದಲ ವಾರಗಳಲ್ಲೂ, ಬರೆಯ ಬುಡಕ್ಕೆ ಹೋಗಬೇಡಿ. ಮೇಲೆ ಬಿರುಕು ಕಂಡರೆ, ಮರ ವಾಲಿದ್ದರೆ, ಬುಡದಲ್ಲಿ ಹೊಸದಾಗಿ ನೀರು ಒಸರುತ್ತಿದ್ದರೆ ಅಲ್ಲಿಂದ ದೂರ ಸರಿಯಿರಿ. ಕಾಡಂಚಿನ ತೋಟಗಳಲ್ಲಿ ಆನೆ ಓಡಾಟದ ಹೊತ್ತು ತೋಟದ ಕೆಲಸದವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನು ಕೇಳಿಯೇ ಹೊರಡಿ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಇವೆಲ್ಲ ಸಂರಕ್ಷಿತ ಅರಣ್ಯ. ಅಲ್ಲಿ ಕಲ್ಲು ಒಡೆಯುವ, ಎತ್ತಿಕೊಂಡು ಬರುವ ಕೆಲಸ ಬೇಡ. ಫೋಟೊ ಸಾಕು.

ಹಂತ 3: ಒಡೆದು ಹೊಸ ಮುಖ ನೋಡಿ

ಮೈಮೇಲಿನ ಬಣ್ಣ ನಂಬಬೇಡಿ. ಕೊಡಗಿನಲ್ಲಿ ಯಾವ ಕಲ್ಲಾದರೂ ಹೊರಗೆ ಕಂದು, ಕಪ್ಪು, ಪಾಚಿ ಹಸಿರು. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ಸುತ್ತಿಗೆಯಿಂದ ಒಂದು ಮೂಲೆ ಒಡೆಯಿರಿ. ಒದ್ದೆ ಮಾಡಿ ಬಿಸಿಲಿಗೆ ಹಿಡಿಯಿರಿ.

ಈಗ ಪಟ್ಟೆಗಳನ್ನು ನೋಡುವುದು. ಹೆಚ್ಚಿನವರು ತಪ್ಪುವುದು ಇಲ್ಲೇ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ನೈಸ್‌ಗೂ ಕಪ್ಪು ಬಿಳಿ ಪಟ್ಟೆ, ಕಬ್ಬಿಣಶಿಲೆಗೂ ಕಪ್ಪು ಬಿಳಿ ಪಟ್ಟೆ. ವ್ಯತ್ಯಾಸ ಇರುವುದು ಪಟ್ಟೆಯ ಒಳಗಿನ ಕಾಳುಗಳಲ್ಲಿ.

ಮೊದಲು ಬಿಳಿ ಪಟ್ಟೆ. ಕಲ್ಲನ್ನು ಬಿಸಿಲಲ್ಲಿ ಮೆಲ್ಲಗೆ ತಿರುಗಿಸಿ. ಒಂದು ಕೋನದಲ್ಲಿ ಚಪ್ಪಟೆ ಮುಖಗಳು ಫಳ್ ಎಂದು ಹೊಳೆದು ಮತ್ತೆ ಮಂಕಾದರೆ ಅದು ಫೆಲ್ಡ್‌ಸ್ಪಾರ್. ಫೆಲ್ಡ್‌ಸ್ಪಾರ್ ಕಂಡರೆ ಅದು ನೈಸ್ ಎಂದೇ ತಿಳಿಯಿರಿ, ಪಟ್ಟೆ ಕಬ್ಬಿಣಶಿಲೆಯಲ್ಲಿ ಅದಕ್ಕೆ ಜಾಗವಿಲ್ಲ. ಅಲ್ಲಿನ ಬಿಳಿ ಪಟ್ಟೆ ಬರೀ ಕ್ವಾರ್ಟ್ಜ್, ಅಂದರೆ ಹರಳುಗಟ್ಟಿದ ಸಿಲಿಕ. ಅದಕ್ಕೆ ಚಪ್ಪಟೆ ಮುಖ ಇರುವುದಿಲ್ಲ, ಒಡೆದ ಗಾಜಿನ ಹಾಗೆ ಎಲ್ಲ ಕಡೆಯಿಂದಲೂ ಒಂದೇ ಥರ ಮಿನುಗುತ್ತದೆ. ಕೊಳೆತ ಭಾಗ ನೋಡಿದರೆ ಇನ್ನೂ ಸುಲಭ. ಫೆಲ್ಡ್‌ಸ್ಪಾರ್ ಕೊಳೆತರೆ ಬಿಳಿ ಜೇಡಿಯಾಗುತ್ತದೆ, ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ. ಕ್ವಾರ್ಟ್ಜ್ ಕೊಳೆಯುವುದೇ ಇಲ್ಲ. ಕಬ್ಬಿಣಶಿಲೆಯ ಹಳೆಯ ಮೈಯಲ್ಲಿ ಕ್ವಾರ್ಟ್ಜ್ ಪಟ್ಟೆಗಳು ಏಣುಗಳ ಹಾಗೆ ಎದ್ದು ನಿಂತಿರುತ್ತವೆ, ನಡುವಿನ ಕಬ್ಬಿಣದ ಪಟ್ಟೆಗಳು ಕೆಂಪಗೆ ಒಳಸರಿದಿರುತ್ತವೆ.

ಆಮೇಲೆ ಕಪ್ಪು ಪಟ್ಟೆ. ಸೂಜಿ ಮೊನೆಯಿಂದ ಕೆದಕಿ. ತೆಳ್ಳನೆ ಹಾಳೆ ಹಾಳೆಯಾಗಿ ಎದ್ದುಬಂದರೆ ಅದು ಬಯೊಟೈಟ್ ಎಂಬ ಕರಿ ಅಭ್ರಕ. ಹಸಿರು ಕಪ್ಪು ಕಡ್ಡಿಗಳ ಹಾಗೆ ಉದ್ದುದ್ದ ಕಂಡರೆ ಹಾರ್ನ್‌ಬ್ಲೆಂಡ್. ಎರಡೂ ನೈಸ್ ಅಥವಾ ಆಂಫಿಬೊಲೈಟ್‌ನ (ಹಾರ್ನ್‌ಬ್ಲೆಂಡ್ ತುಂಬಿದ ಕರಿ ಕಲ್ಲು) ಗುರುತು. ಕಬ್ಬಿಣಶಿಲೆಯ ಕಪ್ಪು ಪಟ್ಟೆ ಸಕ್ಕರೆ ಹರಳಿನಂತೆ ಕಾಳುಕಾಳಾಗಿ, ಲೋಹದ ಹೊಳಪಿನಲ್ಲಿ ಇರುತ್ತದೆ. ಹಾಳೆಯೂ ಏಳುವುದಿಲ್ಲ, ಕಡ್ಡಿಯೂ ಕಾಣುವುದಿಲ್ಲ.

ಪಟ್ಟೆಯೇ ಇಲ್ಲದ, ಒಡೆದ ಮುಖ ಎಣ್ಣೆ ಸವರಿದಂತೆ ಹಸಿರು ಬೂದು ಬಣ್ಣದಲ್ಲಿ ಜಿಡ್ಡಾಗಿ ಕಾಣುವ ಕಲ್ಲಾದರೆ ಅದು ಚಾರ್ನೊಕೈಟ್. ಒಂದೇ ಸಮ ಕಪ್ಪಗೆ, ಸಣ್ಣ ಕಾಳಿನ ಕಲ್ಲು, ಹೊರಗೆ ಈರುಳ್ಳಿ ಸಿಪ್ಪೆಯಂತೆ ಪದರ ಬಿಡುವುದು ಡಾಲರೈಟ್.

ಹಂತ 4: ಪುಡಿಯ ಬಣ್ಣ

ಟೈಲ್ಸ್‌ನ ಹಿಂಬದಿ, ಹೊಳಪಿಲ್ಲದ ಕಡೆ, ಕಲ್ಲಿನ ಕಪ್ಪು ಪಟ್ಟೆಯನ್ನು ಮಾತ್ರ ಉಜ್ಜಿ. ಗೆರೆ ಕಪ್ಪಾದರೆ ಮ್ಯಾಗ್ನಟೈಟ್. ಹಣ್ಣಾದ ಕಾಫಿಯ ಹಾಗೆ ಕೆಂಪಾದರೆ ಹೆಮಟೈಟ್. ಹಳದಿ ಕಂದು ಬಂದರೆ ಗೋಥೈಟ್. ಮೂರೂ ಕಬ್ಬಿಣದ ಖನಿಜಗಳೇ. ಪಟ್ಟೆ ತೆಳ್ಳಗಿದ್ದರೆ ಪಕ್ಕದ ಕ್ವಾರ್ಟ್ಜ್ ಟೈಲ್ಸನ್ನೇ ಗೀರಿಬಿಡುತ್ತದೆ, ಬಿಳಿ ಗೆರೆ ಬಂದು ಗೊಂದಲವಾಗುತ್ತದೆ. ಆಗ ಕಪ್ಪು ಕಾಳು ಒಂದೆರಡನ್ನು ಕಿತ್ತು, ಬಿಳಿ ಕಾಗದದ ಮಡಿಕೆಯಲ್ಲಿಟ್ಟು ಸುತ್ತಿಗೆಯಿಂದ ಜಜ್ಜಿ ಪುಡಿಯ ಬಣ್ಣ ನೋಡಿ.

ಈ ಬಣ್ಣ ಮುಖ್ಯ. ಶುದ್ಧ ಮ್ಯಾಗ್ನಟೈಟ್‌ನಲ್ಲಿ ಕಬ್ಬಿಣ ಶೇ 72.4, ಹೆಮಟೈಟ್‌ನಲ್ಲಿ ಶೇ 69.9, ಗೋಥೈಟ್‌ನಲ್ಲಿ ಶೇ 62.9. ಮುಂದೆ ಲೆಕ್ಕ ಹಾಕುವಾಗ ಯಾವ ಖನಿಜ ಎಂದು ಗೊತ್ತಿರಬೇಕು.

ಹಂತ 5: ಮ್ಯಾಗ್ನೆಟ್

ಹಳೆ ರೇಡಿಯೊ ಸ್ಪೀಕರ್‌ನ ಮ್ಯಾಗ್ನೆಟ್ ಒಳ್ಳೆಯದು. ಈಗ ಸಿಗುವ ಪುಟ್ಟ ಬೆಳ್ಳಿ ಬಣ್ಣದ ನಿಯೊಡೈಮಿಯಂ ಮ್ಯಾಗ್ನೆಟ್ ವಿಪರೀತ ಜೋರು. ಚಾರ್ನೊಕೈಟ್, ಡಾಲರೈಟ್ ಎಲ್ಲದರಲ್ಲೂ ಚೂರುಪಾರು ಮ್ಯಾಗ್ನಟೈಟ್ ಇರುವುದರಿಂದ ಅದು ಸಿಕ್ಕ ಸಿಕ್ಕ ಕಲ್ಲಿಗೆಲ್ಲ ಅಂಟಿಕೊಳ್ಳಲು ನೋಡುತ್ತದೆ. ಜಂಬಿಟ್ಟಿಗೆಯ ಸಣ್ಣ ಉಂಡೆಗಳೂ, ಬೆಂಕಿ ತಗುಲಿದ ಕೆಂಪು ಮಣ್ಣೂ ಎಷ್ಟೋ ಸಲ ಎಳೆಯುತ್ತವೆ. ಸಾಧಾರಣ ಮ್ಯಾಗ್ನೆಟ್ಟನ್ನು ದಾರದಲ್ಲಿ ಕಟ್ಟಿ ತೂಗಾಡಿಸಿ, ಕಲ್ಲಿನ ಪಟ್ಟೆಗಳ ಮೇಲೆ ಅಡ್ಡಡ್ಡ ಸಾಗಿಸಿ. ಕಪ್ಪು ಪಟ್ಟೆಯ ಮೇಲೆ ಜೋತು, ಬಿಳಿ ಪಟ್ಟೆ ಬಂದಾಗ ಬಿಟ್ಟರೆ ಅದು ಗಟ್ಟಿ ಸಾಕ್ಷಿ.

ಮ್ಯಾಗ್ನೆಟ್ ಎಳೆಯಲಿಲ್ಲ ಎಂದು ಕಲ್ಲು ಎಸೆಯಬೇಡಿ. ಹೆಮಟೈಟ್ ಎಳೆಯುವುದಿಲ್ಲ. ಹೊಳೆ ಮರಳಿನಲ್ಲಿ ಮ್ಯಾಗ್ನೆಟ್ ಆಡಿಸಿದರೆ ಕರಿ ಪುಡಿ ಮೆತ್ತಿಕೊಳ್ಳುತ್ತದಲ್ಲ, ಅದು ನಿಜವಾದ ಮ್ಯಾಗ್ನಟೈಟೇ. ಆದರೆ ನೈಸ್ ಮತ್ತು ಚಾರ್ನೊಕೈಟ್ ಸವೆದೂ ಆ ಪುಡಿ ಬರುತ್ತದೆ. ಮೇಲ್ಗಡೆ ಕಬ್ಬಿಣದ ಬೆಟ್ಟ ಇದೆ ಅನ್ನಲು ಅದೊಂದೇ ಸಾಲದು.

ಹಂತ 6: ತೂಕ ಹಾಕಿ ಕಬ್ಬಿಣದ ಪಾಲು ತಿಳಿಯುವುದು

ಇಡೀ ಮಾರ್ಗದರ್ಶಿಯಲ್ಲಿ ನನಗೆ ಅತ್ಯಂತ ಇಷ್ಟದ ಪರೀಕ್ಷೆ ಇದು. ಕಣ್ಣು ಮೋಸ ಹೋಗಬಹುದು, ಸಾಂದ್ರತೆ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ.

ಮುಷ್ಟಿ ಗಾತ್ರದ, ಕೊಳೆಯದ ತುಂಡು ಆರಿಸಿ. ತೊಳೆದು ಚೆನ್ನಾಗಿ ಒಣಗಿಸಿ. ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಈಗ ತಕ್ಕಡಿಯ ಮೇಲೆ ಅರ್ಧ ನೀರಿರುವ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ತೆಳು ದಾರ ಕಟ್ಟಿ, ಕೈಯಲ್ಲಿ ಹಿಡಿದು, ನೀರಿನೊಳಗೆ ಪೂರ್ತಿ ಮುಳುಗಿಸಿ. ಪಾತ್ರೆಯ ತಳಕ್ಕಾಗಲಿ ಗೋಡೆಗಾಗಲಿ ತಾಗಬಾರದು. ಮೈಗೆ ಅಂಟಿದ ಗುಳ್ಳೆಗಳನ್ನು ಅಲುಗಿಸಿ ಬಿಡಿಸಿ. ತಕ್ಕಡಿ ಈಗ ತೋರಿಸುವ ಗ್ರಾಂ ಎಷ್ಟೋ, ಕಲ್ಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ಕಲ್ಲು ಪಕ್ಕಕ್ಕೆ ಸರಿಸಿದ ನೀರಿನಷ್ಟೇ ಭಾರ ಪಾತ್ರೆಯ ಮೇಲೆ ಬೀಳುತ್ತದೆ, ಉಳಿದ ಭಾರ ದಾರದ ಮೂಲಕ ನಿಮ್ಮ ಕೈಗೆ ಬರುತ್ತದೆ.

ಮೊದಲ ತೂಕವನ್ನು ಎರಡನೆಯದರಿಂದ ಭಾಗಿಸಿ. ಉದಾಹರಣೆಗೆ ಕಲ್ಲು 840 ಗ್ರಾಂ, ನೀರಿನಲ್ಲಿ ತಕ್ಕಡಿ ತೋರಿಸಿದ್ದು 240. ಸಾಂದ್ರತೆ 3.5. ಅದೇ 840 ಗ್ರಾಂ ಕಲ್ಲಿಗೆ ತಕ್ಕಡಿ 300 ತೋರಿಸಿದ್ದರೆ ಸಾಂದ್ರತೆ 2.8 ಮಾತ್ರ.

ನೈಸ್ ಸುಮಾರು 2.7ರ ಆಸುಪಾಸು. ಚಾರ್ನೊಕೈಟ್ 2.7, 2.8. ಡಾಲರೈಟ್ ಮತ್ತು ಆಂಫಿಬೊಲೈಟ್ 3ರ ಹತ್ತಿರ. ಪಟ್ಟೆ ಕಬ್ಬಿಣಶಿಲೆ ಸಾಮಾನ್ಯವಾಗಿ 3.2 ದಾಟುತ್ತದೆ, ಒಳ್ಳೆಯದು 3.5ರ ಮೇಲೂ ಹೋಗುತ್ತದೆ. 'ಭಾರ ಇದೆ' ಎಂದು ಕೈ ಹೇಳಿದ ಎಷ್ಟೋ ಕಲ್ಲುಗಳು ಈ ಪರೀಕ್ಷೆಯಲ್ಲಿ 3 ದಾಟುವುದಿಲ್ಲ.

ಮುಂದಿನ ಲೆಕ್ಕ. ಕಲ್ಲಿನಲ್ಲಿ ಇರುವುದು ಕ್ವಾರ್ಟ್ಜ್ ಮತ್ತು ಮ್ಯಾಗ್ನಟೈಟ್ ಎರಡೇ ಎಂದು ಹಂತ 3 ಮತ್ತು 4ರಲ್ಲಿ ಖಚಿತವಾಗಿದ್ದರೆ ಕಬ್ಬಿಣದ ಪಾಲನ್ನೂ ಅಂದಾಜು ಮಾಡಬಹುದು. ಕ್ವಾರ್ಟ್ಜ್‌ನ ಸಾಂದ್ರತೆ 2.65, ಮ್ಯಾಗ್ನಟೈಟ್‌ನದು 5.2. ಇವುಗಳಿಂದ ಬರುವ ಸುಲಭ ಸೂತ್ರ ಹೀಗೆ: ನಿಮ್ಮ ಕಲ್ಲಿನ ಸಾಂದ್ರತೆಯಿಂದ 2.65 ಕಳೆಯಿರಿ, ಬಂದದ್ದನ್ನು ಅದೇ ಸಾಂದ್ರತೆಯಿಂದ ಭಾಗಿಸಿ, 148ರಿಂದ ಗುಣಿಸಿ. ಸಾಂದ್ರತೆ 3.5 ಇದ್ದರೆ 0.85 ಭಾಗಿಸು 3.5, ಅಂದರೆ 0.243. ಗುಣಿಸಿದರೆ ಕಬ್ಬಿಣ ಸುಮಾರು ಶೇ 36. ಸಾಂದ್ರತೆ 3.3 ಆದರೆ ಶೇ 29. ಪುಡಿ ಕೆಂಪಾಗಿದ್ದು ಹೆಮಟೈಟ್ ಆಗಿದ್ದರೆ 148ರ ಬದಲು 141 ಹಾಕಿ.

ಕಲ್ಲಿನಲ್ಲಿ ಗಾರ್ನೆಟ್, ಪೈರಾಕ್ಸೀನ್ ಎಂಬ ಭಾರದ ಖನಿಜಗಳು ಸೇರಿಕೊಂಡಿದ್ದರೆ ಉತ್ತರ ಜಾಸ್ತಿ ಬರುತ್ತದೆ. ತೂತು ತೂತಾಗಿದ್ದರೆ ಕಡಿಮೆ ಬರುತ್ತದೆ. ಒಂದೇ ತುಂಡು ನಂಬದೆ, ಒಂದೇ ಬಂಡೆಯ ಬೇರೆ ಬೇರೆ ಜಾಗದ ಐದಾರು ತುಂಡು ತೂಗಿ. ಕಪ್ಪು ಪಟ್ಟೆ ಮಾತ್ರ ಇರುವ ತುಂಡನ್ನು ಆರಿಸಿಕೊಂಡರೆ ಲೆಕ್ಕ ನಿಮಗೆ ಬೇಕಾದ ಹಾಗೆ ಬರುತ್ತದೆ, ಬಂಡೆ ಇರುವ ಹಾಗೆ ಬರುವುದಿಲ್ಲ.

ಹಂತ 7: ಜಂಬಿಟ್ಟಿಗೆಯನ್ನು ಬೇರೆ ಇಡಿ

ಜಂಬಿಟ್ಟಿಗೆಯಲ್ಲೂ ಕಬ್ಬಿಣ ಇದೆ, ಅದಕ್ಕೇ ಆ ಕೆಂಪು. ಆದರೆ ಅದು ಸಮುದ್ರದಲ್ಲಿ ಹುಟ್ಟಿದ ಕಲ್ಲಲ್ಲ. ಯಾವುದೇ ಕಲ್ಲು ಬಿಸಿಲು ಮಳೆಗೆ ಕೊಳೆತು, ಕರಗುವುದೆಲ್ಲ ಹರಿದುಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಉಳಿದು ಗಟ್ಟಿಯಾದದ್ದು. ಪಟ್ಟೆ ಇರುವುದಿಲ್ಲ, ತೂತು ಇರುತ್ತದೆ. ಇಷ್ಟು ಸಾಕು.

ಹಂತ 8: ಈ ಪಟ್ಟೆ ಹೇಗೆ ಬಂತು, ಮನೆಯಲ್ಲೇ ಮಾಡಿ ನೋಡಿ

ಕಬ್ಬಿಣ ಹೆಚ್ಚಿರುವ ಬೋರ್‌ವೆಲ್ ಹತ್ತಿರದಲ್ಲಿದ್ದರೆ ಹೀಗೆ ಮಾಡಿ. ಪಂಪ್ ಹಾಕಿ ಸ್ವಲ್ಪ ಹೊತ್ತು ನೀರು ಹರಿಯಲು ಬಿಡಿ. ಪೈಪನ್ನು ಬಾಟಲಿಯ ತಳದವರೆಗೆ ಇಳಿಸಿ, ಉಕ್ಕಿ ಹರಿಯುವಂತೆ ತುಂಬಿಸಿ, ಗಾಳಿ ಗುಳ್ಳೆ ಉಳಿಯದ ಹಾಗೆ ಮುಚ್ಚಳ ಬಿಗಿ ಮಾಡಿ. ಪಕ್ಕದಲ್ಲಿ ಅದೇ ನೀರು ತುಂಬಿದ ಅಗಲ ಬಾಯಿಯ ಪಾತ್ರೆ ತೆರೆದಿಡಿ. ಎರಡೂ ಮೊದಲಿಗೆ ತಿಳಿಯಾಗಿರುತ್ತವೆ. ತೆರೆದ ಪಾತ್ರೆಯಲ್ಲಿ ಕ್ರಮೇಣ ಮಸುಕು ಹಳದಿ, ಆಮೇಲೆ ಕಿತ್ತಳೆ ಬಣ್ಣ ಬಂದು, ಮರುದಿನದ ಹೊತ್ತಿಗೆ ತಳದಲ್ಲಿ ಕೆಂಪು ಗಷ್ಟು ಕೂರುತ್ತದೆ. ಬಿಗಿಯಾಗಿ ಮುಚ್ಚಿದ ಬಾಟಲಿ ಬಹಳ ಹೊತ್ತು ತಿಳಿಯಾಗಿಯೇ ಇರುತ್ತದೆ.

ಆಮ್ಲಜನಕ ಇಲ್ಲದ ನೀರಿನಲ್ಲಿ ಕಬ್ಬಿಣ ಕರಗಿ ಕಣ್ಣಿಗೆ ಕಾಣದೆ ಇರುತ್ತದೆ. ಆಮ್ಲಜನಕ ಸಿಕ್ಕಿದ ಕೂಡಲೇ ತುಕ್ಕಾಗಿ ತಳಕ್ಕೆ ಇಳಿಯುತ್ತದೆ. ಹಳೆಯ ಸಮುದ್ರಗಳಲ್ಲಿ ಆದದ್ದೂ ಇದೇ. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸಮುದ್ರತಳದ ಬಿಸಿ ಬುಗ್ಗೆಗಳಿಂದ ಬಂದ ಕಬ್ಬಿಣ ನೀರಲ್ಲಿ ಕರಗಿಕೊಂಡೇ ದೂರದೂರ ಹರಡಿತ್ತು. ಈಗಿನ ಸಮುದ್ರದಲ್ಲಿ ಸಿಲಿಕವನ್ನು ಎಳೆದುಕೊಂಡು ಚಿಪ್ಪು ಕಟ್ಟುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಿವೆ. ಆಗ ಅವು ಹುಟ್ಟಿರಲಿಲ್ಲ. ಹಾಗಾಗಿ ನೀರಿನಲ್ಲಿ ಸಿಲಿಕವೂ ತುಂಬಿ ತುಳುಕುತ್ತಿತ್ತು. ಕಬ್ಬಿಣ ಜಾಸ್ತಿ ಇಳಿದಾಗ ಒಂದು ಪದರ, ಸಿಲಿಕ ಜಾಸ್ತಿ ಇಳಿದಾಗ ಇನ್ನೊಂದು ಪದರ.

ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಬಾಬಾಬುಡನ್, ಕುದುರೆಮುಖ, ಸಂಡೂರಿನ ಶಿಲೆಗಳೋ, ಸುಮಾರು 290ರಿಂದ 260 ಕೋಟಿ ವರ್ಷಗಳ ನಡುವಿನವು. ಸರಗೂರಿನವು 300 ಕೋಟಿಗೂ ಹಳೆಯವು. ಅಂದರೆ ನಮ್ಮ ರಾಜ್ಯದ ಪಟ್ಟೆ ಶಿಲೆಗಳೆಲ್ಲ ಗಾಳಿಗೆ ಆಮ್ಲಜನಕ ಬರುವ ಮೊದಲಿನವು! ಹಾಗಾದರೆ ಕಬ್ಬಿಣವನ್ನು ತುಕ್ಕು ಮಾಡಿದ್ದು ಯಾರು? ಬಿಸಿಲು ಬೀಳುವ ಮೇಲ್ನೀರಿನಲ್ಲಿ ಸೂಕ್ಷ್ಮಜೀವಿಗಳು ಅಲ್ಲಲ್ಲೇ ಬಿಡುತ್ತಿದ್ದ ಅಲ್ಪಸ್ವಲ್ಪ ಆಮ್ಲಜನಕ ಎಂಬುದು ಒಂದು ಉತ್ತರ. ಆಮ್ಲಜನಕವೇ ಬೇಡದೆ, ಬೆಳಕಿನ ಬಲದಿಂದ ನೇರವಾಗಿ ಕಬ್ಬಿಣವನ್ನು ತುಕ್ಕು ಮಾಡುವ ಬ್ಯಾಕ್ಟೀರಿಯಾಗಳು ಎಂಬುದು ಇನ್ನೊಂದು. ಅಂಥ ಬ್ಯಾಕ್ಟೀರಿಯಾಗಳು ಈಗಲೂ ಇವೆ. ಎರಡೂ ಬೇರೆ ಬೇರೆ ಪಾಲಿನಲ್ಲಿ ನಡೆದಿರಬಹುದು ಎಂದೇ ನನಗೆ ಅನ್ನಿಸುತ್ತದೆ.

ಕಬ್ಬಿಣ ತಿನ್ನುವ ಜೀವಿಗಳ ಕೆಲಸ ನೋಡಲು ದೂರ ಹೋಗಬೇಕಿಲ್ಲ. ಗದ್ದೆ ಬದುವಿನ ಜೌಗಿನಲ್ಲಿ ನೀರು ಒಸರುವ ಕಡೆ ಕಿತ್ತಳೆ ಬಣ್ಣದ ಲೋಳೆ, ಅದರ ಮೇಲೆ ಎಣ್ಣೆ ಥರ ಬಣ್ಣಬಣ್ಣದ ಪೊರೆ ಕಂಡಿರುತ್ತೀರಿ. ಪಂಪಿನ ಡೀಸೆಲ್ ಸೋರಿದೆ ಎಂದುಕೊಳ್ಳುವವರೇ ಜಾಸ್ತಿ. ಕಡ್ಡಿಯಿಂದ ಪೊರೆಯನ್ನು ಮುಟ್ಟಿ. ಎಣ್ಣೆಯಾದರೆ ಸುಳಿಯಾಗಿ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಪೊರೆಯಾದರೆ ಚೂಪು ಅಂಚಿನ ಚೂರುಚೂರಾಗಿ ಒಡೆದು ಹಾಗೆಯೇ ತೇಲುತ್ತದೆ. ಮಕ್ಕಳಿಗೆ ತೋರಿಸಿದರೆ ಅವರು ಆ ಜಾಗ ಬಿಟ್ಟು ಏಳುವುದಿಲ್ಲ. ಈ ಜೀವಿಗಳು ಗಾಳಿಯ ಆಮ್ಲಜನಕ ಬಳಸುತ್ತವೆ, ಹಳೆಯ ಸಮುದ್ರದವು ಬೇರೆ ಜಾತಿಯವು. ಆದರೂ ಕರಗಿದ ಕಬ್ಬಿಣ ಕಣ್ಣೆದುರೇ ಗಟ್ಟಿಯಾಗುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಇಲ್ಲ.

ಒಂದು ಎಚ್ಚರಿಕೆ. ಒಂದು ಪಟ್ಟೆಗೆ ಒಂದು ವರ್ಷ ಎಂದು ಮರದ ಉಂಗುರದಂತೆ ಎಣಿಸಲು ಹೋಗಬೇಡಿ. ಆಸ್ಟ್ರೇಲಿಯಾದ ಹ್ಯಾಮರ್ಸ್ಲಿಯಲ್ಲಿ ಮಿಲಿಮೀಟರ್ ದಪ್ಪದ ಪಟ್ಟೆಗಳನ್ನು ನೂರಾರು ಕಿಲೋಮೀಟರ್ ದೂರದವರೆಗೆ ಹೊಂದಿಸಿ ನೋಡಿದ್ದಾರೆ. ಅವು ವರ್ಷದ ಪಟ್ಟೆಗಳೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಹಂತ 9: ಕಾವು, ಒತ್ತಡ ಕಲ್ಲಿಗೆ ಏನು ಮಾಡಿದೆ ನೋಡಿ

ಸಂಡೂರಿನ ಕಲ್ಲಿನಲ್ಲಿ ಸಿಲಿಕದ ಪಟ್ಟೆ ನುಣುಪಾದ ಚೆರ್ಟ್, ಕಾಳು ಕಣ್ಣಿಗೆ ಕಾಣುವುದಿಲ್ಲ. ಸರಗೂರಿನ ಕಡೆಯ ಕಲ್ಲು ಭೂಮಿಯ ಆಳಕ್ಕೆ ಇಳಿದು ಚೆನ್ನಾಗಿ ಕಾದು ಬಂದದ್ದು. ಅದರಲ್ಲಿ ಚೆರ್ಟ್ ಕರಗದೆಯೇ ಮತ್ತೆ ಹರಳುಗಟ್ಟಿ ದಪ್ಪ ಕಾಳಿನ ಕ್ವಾರ್ಟ್ಜ್ ಆಗಿದೆ, ಕಬ್ಬಿಣ ಕಾಳುಕಾಳು ಮ್ಯಾಗ್ನಟೈಟ್ ಆಗಿದೆ. ಅದಕ್ಕೇ ಅದನ್ನು ಪಟ್ಟೆ ಮ್ಯಾಗ್ನಟೈಟ್ ಕ್ವಾರ್ಟ್ಜೈಟ್ ಎನ್ನುತ್ತಾರೆ. ಕೊಡಗಿನ ಆಸುಪಾಸಿನಲ್ಲಿ ಹುಡುಕುವವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ರೂಪ ಇದು. ಪುಸ್ತಕದ ಚಿತ್ರಗಳಲ್ಲಿರುವ ಕೆಂಪು ಜಾಸ್ಪರ್ ಪಟ್ಟೆಯನ್ನು ಹುಡುಕುತ್ತ ಹೋದರೆ ಇದು ಎದುರಿಗೇ ಇದ್ದರೂ ಕಾಣುವುದಿಲ್ಲ.

ಪಟ್ಟೆಗಳು ಮಡಿಚಿವೆಯಾ ನೋಡಿ. ಅಂಗೈಯಷ್ಟು ತುಂಡಿನಲ್ಲೂ ಅಂಕುಡೊಂಕು ಮಡಿಕೆ ಕಾಣಬಹುದು. ಮಡಿಕೆಯ ತುದಿಯಲ್ಲಿ ಪಟ್ಟೆ ದಪ್ಪ, ಪಕ್ಕದಲ್ಲಿ ತೆಳು. ಹಾಗಾಗಿ ಒಂದೇ ಕಡೆ ಅಳೆದ ದಪ್ಪ ಇಡೀ ಪದರದ ದಪ್ಪ ಆಗುವುದಿಲ್ಲ.

ಹಂತ 10: ಬಂಡೆಯ ದಿಕ್ಕು ಅಳೆಯುವುದು

ಮ್ಯಾಗ್ನಟೈಟ್ ಬಂಡೆಯ ಮೇಲೆ ದಿಕ್ಸೂಚಿ ಇಡಬೇಡಿ, ಫೋನಿನ ದಿಕ್ಸೂಚಿಯೂ ಬೇಡ. ಮುಳ್ಳು ಬಂಡೆಯ ಕಡೆಗೇ ತಿರುಗುತ್ತದೆ. ಪಟ್ಟೆಯ ಸಾಲು ಶುರುವಾಗುವ ಜಾಗದಲ್ಲಿ ನಿಂತು ಫೋನಿನ ಮ್ಯಾಪ್‌ನಲ್ಲಿ ಗುರುತು ಹಾಕಿ, ಮುಗಿಯುವ ಜಾಗಕ್ಕೆ ನಡೆದು ಇನ್ನೊಂದು ಗುರುತು ಹಾಕಿ. ಎರಡನ್ನೂ ಸೇರಿಸಿದ ಗೆರೆಯೇ ದಿಕ್ಕು.

ಫೋನಿನ ಆ ತೊಂದರೆಯನ್ನೇ ಉಪಯೋಗಕ್ಕೂ ಹಾಕಿಕೊಳ್ಳಬಹುದು. ಕಾಂತಕ್ಷೇತ್ರ ತೋರಿಸುವ ಉಚಿತ ಆ್ಯಪ್‌ಗಳಿವೆ. ನಮ್ಮ ಕಡೆ ಸಾಮಾನ್ಯವಾಗಿ 40 ಮೈಕ್ರೊಟೆಸ್ಲಾ ಆಸುಪಾಸು ತೋರಿಸುತ್ತದೆ. ಮ್ಯಾಗ್ನೆಟ್ ಇರುವ ಫೋನ್ ಕವರ್ ತೆಗೆದು, ಬೇಲಿ ತಂತಿ, ಜೀಪು, ಕತ್ತಿ ಎಲ್ಲದರಿಂದ ದೂರ ಇದ್ದು, ಒಂದೇ ಎತ್ತರದಲ್ಲಿ ಫೋನ್ ಹಿಡಿದು ಸಾಲಾಗಿ ನಡೆಯುತ್ತ ಹತ್ತು ಹೆಜ್ಜೆಗೊಮ್ಮೆ ಬರೆದುಕೊಳ್ಳಿ. ಮಣ್ಣಿನಡಿ ಮ್ಯಾಗ್ನಟೈಟ್ ಪಟ್ಟೆ ಮೇಲಕ್ಕೇ ಇದ್ದರೆ ಅಂಕಿ ಏರಿಳಿಯುತ್ತದೆ. ವಿಮಾನದಿಂದ ಕಾಂತ ಸಮೀಕ್ಷೆ ಮಾಡುವ ತತ್ವವೂ ಇದೇ.

ಹಂತ 11: ಶಿಲೆ ಅದಿರಾಗುವುದು ಯಾವಾಗ

ಶೇ 30ರ ಕಬ್ಬಿಣಶಿಲೆಯನ್ನು ಹಾಗೆಯೇ ಕುಲುಮೆಗೆ ಹಾಕಲಾಗುವುದಿಲ್ಲ. ಎರಡು ದಾರಿಗಳಿವೆ, ಎರಡಕ್ಕೂ ಕರ್ನಾಟಕದಲ್ಲೇ ಉದಾಹರಣೆ ಇದೆ.

ಸಂಡೂರಿನಲ್ಲಿ ಆ ಕೆಲಸವನ್ನು ಪ್ರಕೃತಿಯೇ ಮಾಡಿಕೊಟ್ಟಿದೆ. ನೀರು ಬಹಳ ಕಾಲ ಇಳಿದಿಳಿದು ಸಿಲಿಕವನ್ನು ಕರಗಿಸಿ ಒಯ್ದಿತು, ಮ್ಯಾಗ್ನಟೈಟ್ ಹೆಮಟೈಟ್ ಆಯಿತು, ಉಳಿದ ಕಲ್ಲಿನಲ್ಲಿ ಕಬ್ಬಿಣ ಶೇ 60 ದಾಟಿತು. ಕೆಲವು ಕಡೆ ಸಿಲಿಕ ಪೂರ್ತಿ ಹೋಗಿ, ಕೈಯಲ್ಲಿ ಹಿಂಡಿದರೆ ಪುಡಿಯಾಗುವ ನೀಲಿ ಛಾಯೆಯ ಅದಿರಾಗಿದೆ. ಅದನ್ನು ಬ್ಲೂ ಡಸ್ಟ್ ಎನ್ನುತ್ತಾರೆ. ದೋಣಿಮಲೈ ಗಣಿ ಇರುವುದು ಇದೇ ಬೆಟ್ಟಸಾಲಿನಲ್ಲಿ.

ಕುದುರೆಮುಖದಲ್ಲಿ ಆ ಕೆಲಸವನ್ನು ಯಂತ್ರ ಮಾಡಬೇಕಾಯಿತು. ಅಲ್ಲಿನ ಮ್ಯಾಗ್ನಟೈಟ್ ಶಿಲೆಯಲ್ಲಿ ಕಬ್ಬಿಣ ಶೇ 40ಕ್ಕಿಂತ ಕಡಿಮೆ. 1976ರಲ್ಲಿ ಶುರುವಾದ ಕಂಪನಿ ಕಲ್ಲನ್ನು ನುಣ್ಣಗೆ ಅರೆದು, ಕಬ್ಬಿಣದ ಪುಡಿಯನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿತ್ತು. ಉಳಿದ ಹೂಳನ್ನು ಹಿಡಿದಿಡಲು ಲಕ್ಯಾ ಅಣೆಕಟ್ಟು ಕಟ್ಟಿದರು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಕಾಡು ಅದು. ನಿಂತದ್ದು ಸರಿ ಎಂದೇ ನನ್ನ ಅಭಿಪ್ರಾಯ. ಕಾವೇರಿ ಹುಟ್ಟುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನಿಮ್ಮ ಲೆಕ್ಕದಲ್ಲಿ ಶೇ 36 ಬಂದರೂ 'ಅದಿರು ಸಿಕ್ಕಿತು' ಎನ್ನುವ ಹಾಗಿಲ್ಲ. ಎಷ್ಟು ದಪ್ಪ, ಎಷ್ಟು ಉದ್ದ, ಎಷ್ಟು ಆಳ, ನೀರು ಎಲ್ಲಿಂದ, ಹೂಳು ಎಲ್ಲಿಗೆ ಎಂಬ ಪ್ರಶ್ನೆಗಳು ಆಮೇಲೆ ಶುರು. ಜಮೀನು ನಿಮ್ಮದೇ ಆದರೂ 1957ರ ಗಣಿ ಮತ್ತು ಖನಿಜ ಕಾಯ್ದೆಯಂತೆ ಗುತ್ತಿಗೆ ಇಲ್ಲದೆ ಕಬ್ಬಿಣದ ಅದಿರು ತೆಗೆಯುವಂತಿಲ್ಲ. ತೋಟಕ್ಕೆ ಬಂದು 'ನಿಮ್ಮ ಜಾಗದಲ್ಲಿ ಅದಿರಿದೆ, ಮುಂಗಡ ಕೊಡಿ, ಪರವಾನಗಿ ಮಾಡಿಸುತ್ತೇವೆ' ಎನ್ನುವವರಿಗೆ ದುಡ್ಡು ಕೊಡಬೇಡಿ.

ಹಂತ 12: ನಿಜವಾದದ್ದನ್ನು ಒಮ್ಮೆ ನೋಡಿ ಬನ್ನಿ

ಎಷ್ಟು ಓದಿದರೂ ಒಮ್ಮೆ ಬಂಡೆಯ ಮುಂದೆ ನಿಲ್ಲದೆ ಕಣ್ಣು ಪಳಗುವುದಿಲ್ಲ. ಕೊಡಗಿನಿಂದ ಹೋಗಲು ಸುಲಭವಾದ ಜಾಗ ಬಾಬಾಬುಡನ್ ಸಾಲು. ಶನಿವಾರಸಂತೆ ಕಡೆಯಿಂದ ಹಾಸನ, ಬೇಲೂರು ದಾಟಿ ಚಿಕ್ಕಮಗಳೂರು. ಇಡೀ ಸಾಲು ಕುದುರೆ ಲಾಳದ ಆಕಾರದಲ್ಲಿ ಬಾಗಿದೆ. ಸುತ್ತಲಿನ ಮೆತ್ತನೆ ಕಲ್ಲು ಸವೆದು ಇಳಿದರೂ ಗಟ್ಟಿಯಾದ ಪಟ್ಟೆ ಕಬ್ಬಿಣಶಿಲೆ ಸವೆಯದೆ ನಿಂತದ್ದರಿಂದ ಆ ಎತ್ತರ ಉಳಿದುಕೊಂಡಿದೆ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ, 1930 ಮೀಟರ್, ಇದೇ ಸಾಲಿನದು. ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದೂ ಈ ಸಾಲಿನ ಕೆಮ್ಮಣ್ಣುಗುಂಡಿಯಿಂದ.

ಮಳೆ ನಿಂತ ಮೇಲೆ, ನವೆಂಬರ್ ನಂತರ ಹೋಗಿ. ವಾಹನ ಬಿಡುವ ಸಮಯ, ಬುಕಿಂಗ್ ಇವೆಲ್ಲ ಆಗಾಗ ಬದಲಾಗುತ್ತವೆ, ಹೊರಡುವ ಮೊದಲು ವಿಚಾರಿಸಿ. ಸುತ್ತಿಗೆ ಮನೆಯಲ್ಲೇ ಬಿಡಿ, ಲೆನ್ಸ್ ಮತ್ತು ಮ್ಯಾಗ್ನೆಟ್ ಸಾಕು. ರಸ್ತೆ ಕಡಿದ ಕಡೆ ಪಟ್ಟೆಗಳನ್ನು ಹತ್ತಿರದಿಂದ ನೋಡಿ, ಅಳತೆಗೆ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ಮ್ಯಾಗ್ನೆಟ್ ಆಡಿಸಿ.

ನಿಮ್ಮ ಊರಿನ ಕಲ್ಲು ಇಷ್ಟೆಲ್ಲ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಮುಂದಿನ ಹೆಜ್ಜೆ. ತುಂಡಿನ ಮೇಲೆ ನಂಬರ್ ಬರೆದು, ಸಿಕ್ಕ ಜಾಗದ ಮ್ಯಾಪ್ ಗುರುತು, ತಾರೀಕು, ಬಂಡೆಯಿಂದಲೇ ಒಡೆದದ್ದಾ ಅಥವಾ ಬಿಡಿಯಾಗಿ ಸಿಕ್ಕಿದ್ದಾ ಎಂಬುದು, ಸಾಂದ್ರತೆ, ಪುಡಿಯ ಬಣ್ಣ, ಎಲ್ಲವನ್ನೂ ಚೀಟಿಯಲ್ಲಿ ಬರೆದು ಜೊತೆಗಿಡಿ. ಮೈಸೂರು ವಿಶ್ವವಿದ್ಯಾನಿಲಯದ ಭೂವಿಜ್ಞಾನ ವಿಭಾಗಕ್ಕೋ, ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೋ ಒಯ್ದು ತೋರಿಸಿ. ಸಿಕ್ಕ ಜಾಗ ಬರೆಯದ ಕಲ್ಲನ್ನು ನೋಡಿ ಅವರೂ ಹೆಚ್ಚೇನು ಹೇಳಲಾರರು. ಅದಕ್ಕೆ ಚೀಟಿಯನ್ನು ಕಲ್ಲು ಎತ್ತಿದ ಜಾಗದಲ್ಲೇ, ಆಗಲೇ ಬರೆಯಿರಿ.